ಕಾಳು ಮೂಸುತ್ತಿದ್ದ ರೈಟರಮ್ಮ

ರೈಟರಮ್ಮನ ಮೂಗು ದೊಡ್ಡದು. ಎರಡೂ ಕಡೆ ಬಿಳಿಕಲ್ಲಿನ ಮೂಗುಬೊಟ್ಟು, ತುದಿಯಲ್ಲಿ ಸದಾ ಒಂದಿಷ್ಟು ಹಿಟ್ಟು. ಮೂಟೆಯ ಬಾಯಿ ಬಿಚ್ಚಿದೊಡನೆ ಅವರು ಕೈ ಹಾಕುತ್ತಿರಲಿಲ್ಲ. ಮುಖವನ್ನೇ ಒಳಗಿಟ್ಟು, ಕಣ್ಣು ಮುಚ್ಚಿ ಮೂಸುತ್ತಿದ್ದರು.

ನಾನು ಹಾನುಬಾಳಿನ ಶಾಲೆಗೆ ಟೀಚರಾಗಿ ಬಂದಾಗ ಅವರದು ಪಕ್ಕದ ಮನೆ. ಎಸ್ಟೇಟಿನಲ್ಲಿ ರೈಟರಾಗಿದ್ದ ಗಂಡ ತೀರಿಕೊಂಡು ಎಷ್ಟೋ ವರ್ಷವಾಗಿದ್ದರೂ ಎಲ್ಲರಿಗೂ ಅವರು ರೈಟರಮ್ಮನೇ. ಸುಗ್ಗಿಯ ನಂತರ ಕುಂದೂರು ಕಡೆಯ ರೈತರಿಂದ ಇಡೀ ವರ್ಷದ ರಾಗಿ ತರುತ್ತಿದ್ದರು, ಪೇಟೆಯಿಂದ ಒಂದು ಮೂಟೆ ಗೋಧಿ. ಜಗಲಿಯ ಮೇಲೆ ಕರೆಂಟಿನ ಪುಟ್ಟ ಗಿರಣಿ. ಒಮ್ಮೆಗೆ ಒಂದು ವಾರಕ್ಕಾಗುವಷ್ಟೇ ಬೀಸುವುದು. “ಕಾಳು ವರ್ಷ ಕಾಯ್ತದೆ, ನಮ್ಮ ಮಳೇಲಿ ಹಿಟ್ಟು ಕಾಯಲ್ಲ ಕಣಮ್ಮ” ಎನ್ನುವರು. ಬೀಸಿದ ಹಿಟ್ಟನ್ನು ಬಿಸಿಯಾಗಿರುವಾಗಲೇ ಡಬ್ಬಕ್ಕೆ ತುಂಬಿದರೆ ಬೈಯುವರು. “ಬೆವರ್ತದೆ. ಉಸಿರಾಡಕ್ಕೆ ಬುಡು ಅದನ್ನ.”

ಅವರನ್ನು ನೋಡಿ ನಾನೂ ಗಿರಣಿ ಕೊಂಡೆ, ಗೋಧಿ ಮೂಟೆ ತರಿಸಿದೆ. “ರಾಗಿಗೆ ಹುಳ ಬೀಳಲ್ಲ, ಗೋಧಿ ಹಂಗಲ್ಲ. ಮಳೆ ಹಿಡಿಯೋದ್ರೊಳಗೆ ಬಿಸಿಲು ತೋರ್ಸು” ಎಂದು ಮೂರು ಸಲ ಹೇಳಿದರು. ಶಾಲೆಯ ಕೆಲಸ, ಹತ್ತು ತಿಂಗಳ ಮಗಳು. ನಾಳೆ ನಾಳೆ ಎನ್ನುವಷ್ಟರಲ್ಲಿ ಮಳೆ ಹಿಡಿಯಿತು. ಆಷಾಢದಲ್ಲಿ ಮೂಟೆ ಬಿಚ್ಚಿದರೆ ಹುಳ ಹರಿದಾಡುತ್ತಿತ್ತು. ಯಾರೋ ಪರಿಚಯದವರು ಕಾಳಿನ ಹುಳ ಸಾಯಿಸುವ ಮಾತ್ರೆ ಕೊಟ್ಟರು. ಅದನ್ನು ಮೂಟೆಯೊಳಗಿಟ್ಟು, ಬಾಯಿ ಕಟ್ಟಿ, ನಾವು ಮಲಗುವ ಕೋಣೆಯ ಬಾಗಿಲ ಹಿಂದೆ ನಿಲ್ಲಿಸಿದೆ. ಹೊರಗೆ ಜಡಿಮಳೆ, ಕಿಟಕಿಗಳೆಲ್ಲ ಮುಚ್ಚಿದ್ದವು.

ಮರುದಿನ ಭಾನುವಾರ. ಮಧ್ಯಾಹ್ನ ರೈಟರಮ್ಮ ನನ್ನ ಜರಡಿ ಹಿಂದಿರುಗಿಸಲು ಬಂದರು. ಬಾಗಿಲಲ್ಲೇ ನಿಂತುಬಿಟ್ಟರು.

“ಬೆಳ್ಳುಳ್ಳಿ ಕೊಳೆತಂಗೆ ವಾಸ್ನೆ ಐತಲ್ಲ, ಏನದು?”

“ನನಗೇನೂ ಗೊತ್ತಾಗ್ತಿಲ್ಲ. ಬೆಳಗಿಂದ ತಲೆನೋವು ಬೇರೆ. ಪಾಪುನೂ ಎರಡು ಸಲ ವಾಂತಿ ಮಾಡ್ಕೊಂಡು ಮಲಗಿದೆ.”

“ಮೂಟೆಗೆ ಏನಾದ್ರೂ ಹಾಕಿದ್ಯಾ?”

ಹೇಳಿದೆ. ಜರಡಿ ಅವರ ಕೈಯಿಂದ ಬಿತ್ತು. ಆ ವಯಸ್ಸಿನಲ್ಲಿ ಅಷ್ಟು ಜೋರಾಗಿ ನಡೆದದ್ದನ್ನು ನಾನು ನೋಡಿರಲಿಲ್ಲ. ಕೋಣೆಗೆ ನುಗ್ಗಿ ಮಗುವನ್ನು ಎತ್ತಿಕೊಂಡು, ಇನ್ನೊಂದು ಕೈಯಲ್ಲಿ ನನ್ನನ್ನು ಎಳೆದುಕೊಂಡು ಮಳೆಗೇ ಬಂದರು. “ಆಚೆ ಬಾ! ಅದು ವಿಷದ ಗಾಳಿ ಕಣೇ! ಎಸ್ಟೇಟ್ ಸ್ಟೋರಲ್ಲಿ ಒಬ್ಬ ಇದ್ರಿಂದ್ಲೇ ಹೋಗ್ಬುಟ್ಟ!”

ಎದುರು ಮನೆಯವರ ಜೀಪಿನಲ್ಲಿ ಸಕಲೇಶಪುರದ ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಮಗು ಅವರ ಮಡಿಲಲ್ಲೇ ಇತ್ತು. ನಾನು ಕೈ ಚಾಚಿದರೂ ಅವರು ಕೊಡಲಿಲ್ಲ. ಮೂರನೆಯ ದಿನ ಮಗಳು ನಕ್ಕಳು. ತಕ್ಷಣ ಹೊರಗೆ ತಂದದ್ದರಿಂದ ಮಗು ಉಳಿಯಿತು ಎಂದರು ಡಾಕ್ಟರು.

‘ನಾನು ಹೇಳಿರಲಿಲ್ವಾ’ ಎಂಬ ಮಾತು ರೈಟರಮ್ಮನ ಬಾಯಿಂದ ಒಮ್ಮೆಯೂ ಬರಲಿಲ್ಲ. ಆದರೆ ನಾನು ಮತ್ತೆ ಮೂಟೆ ಮುಟ್ಟಲಿಲ್ಲ. ಗಿರಣಿಯನ್ನು ಅಟ್ಟಕ್ಕೆ ಹಾಕಿ ಪ್ಯಾಕೆಟ್ ಹಿಟ್ಟು ತರತೊಡಗಿದೆ. ಸುಗ್ಗಿ ಬಂದಾಗ ಅವರು ಸೀರೆ ಬದಲಿಸಿ ನಮ್ಮ ಬಾಗಿಲಿಗೆ ಬಂದರು.

“ಹೊರಡು, ಕುಂದೂರಿಗೆ ಹೋಗಾನ.”

“ನಾನು ಬರಲ್ಲಮ್ಮ. ನನ್ನ ಕೈಯಿಂದಲೇ ಮಗು…”

“ವಿಷ ಕಾಳಲ್ಲಿತ್ತೇನೇ? ನೀನು ಗೊತ್ತಿಲ್ದೆ ಮಾಡಿದ್ದೆ, ಈಗ ಗೊತ್ತಾಯ್ತು. ಹೆದ್ರಿಕೊಂಡು ಕೂತ್ರೆ ಯಾವ ಕಾಲಕ್ಕೆ ಕಲಿತೀಯ?”

ಕುಂದೂರಿನ ಕಣದಲ್ಲಿ ನನ್ನ ತಲೆ ಹಿಡಿದು ಮೂಟೆಯೊಳಗೆ ಬಗ್ಗಿಸಿದರು. ಒಣ ಹುಲ್ಲಿನ, ಬಿಸಿಲಿನ ವಾಸನೆ. ನನಗೆ ಅಳು ಬಂತು. ರಾಗಿ ಒದ್ದೆಯಾಗುತ್ತದೆಂದು ಗದರಿದರು. ಆ ವರ್ಷ ರಾಗಿ, ಮರುವರ್ಷ ಗೋಧಿ. ಬಿಸಿಲಿಗೆ ಹರಡಿ, ಹುಳ ಬರದಂತೆ ಲಕ್ಕಿ ಸೊಪ್ಪು ಒಣಗಿಸಿ ನಡುನಡುವೆ ಇಟ್ಟು, ಡಬ್ಬ ತುಂಬುವುದನ್ನು ಪಕ್ಕದಲ್ಲೇ ಕೂತು ಕಲಿಸಿದರು.

ಕಳೆದ ಬೇಸಿಗೆಯಲ್ಲಿ ಅವರು ಹಾಸಿಗೆ ಹಿಡಿದರು. ನಾನು ಬೀಸಿದ ರಾಗಿಯಲ್ಲಿ ತೆಳ್ಳಗೆ ಅಂಬಲಿ ಕಾಯಿಸಿ ದಿನವೂ ಕುಡಿಸುತ್ತಿದ್ದೆ. ಒಂದು ಬೆಳಿಗ್ಗೆ ಎರಡು ಚಮಚ ಕುಡಿದು, “ಇನ್ನೊಂಚೂರು ನುಣ್ಣಗೆ ಬೀಸಬೇಕಿತ್ತು” ಎಂದರು. ಆಮೇಲೆ ಲೋಟ ಪೂರ್ತಿ ಖಾಲಿ ಮಾಡಿದರು. ಅದಾಗಿ ನಾಲ್ಕನೆಯ ದಿನ ಹೋದರು.

ಈ ಸಲ ಸುಗ್ಗಿಯಾಗುತ್ತಿದ್ದಂತೆ ನಮ್ಮ ಬೀದಿಯ ಮನೆಮನೆಗೂ ಹೋಗಿ ಆ ಮಾತ್ರೆಯ ವಿಷಯ ಹೇಳಿ ಬಂದೆ. ನಮ್ಮನ್ನು ನೋಡಿ ಈಗ ಏಳು ಮನೆಗಳಲ್ಲಿ ಗಿರಣಿ ತಿರುಗುತ್ತಿದೆ. ಯಾರ ಮನೆಯಲ್ಲೂ ಆ ಮಾತ್ರೆ ಇಲ್ಲ.