ಗೆಳತಿಯ ಗಿಟಾರಿಗೆ ಅಗಸೆ ಎಣ್ಣೆ

ಕೇಳದೆ ಉಜ್ಜಿದ್ದು ನನ್ನ ತಪ್ಪು. ಗಿಟಾರು ನನ್ನದಲ್ಲ, ಬಿ.ಎ. ಓದುವಾಗಿನ ಗೆಳತಿಯದು. ಮದುವೆಯಾಗಿ ಸೇಡಂಗೆ ಹೋಗುವಾಗ, ‘ನೀ ನುಡಿಸ್ಕೋತ ಇರು, ಬೇಕಾದಾಗ ಒಯ್ತೀನಿ’ ಎಂದು ಶಹಾಬಾದಿನ ನಮ್ಮ ಮನೆಯಲ್ಲಿ ಬಿಟ್ಟಿದ್ದಳು. ಎರಡು ಬೇಸಿಗೆ ನುಡಿಸಿದೆ. ನನ್ನ ಬೆವರಿಗೆ ಅದರ ಕತ್ತಿನ ಹಿಂಬದಿಯ ವಾರ್ನಿಷ್ ಅಂಟಂಟಾಗಿ, ಎಡಗೈ ಜಾರದೆ ಸಿಕ್ಕಿಕೊಳ್ಳುತ್ತಿತ್ತು.

ಭಾನುವಾರ ಒಯ್ಯುತ್ತೇನೆಂದು ಗುರುವಾರ ಫೋನು ಮಾಡಿದಳು. ಹಾಗೇ ಅವಳ ಕೈಗಿಡಲು ಮನಸ್ಸಾಗಲಿಲ್ಲ. ಕತ್ತನ್ನು ಪಾಲಿಶ್ ಪೇಪರಿನಿಂದ ಬಿಳಿ ಕಟ್ಟಿಗೆ ಕಾಣುವವರೆಗೆ ಉಜ್ಜಿದೆ. ಮೊಬೈಲಿನ ವಿಡಿಯೋದಲ್ಲಿ ಅಗಸೆ ಎಣ್ಣೆ ಎಂದಿದ್ದರು, ಗಾಣದಿಂದ ತಂದೆ. ಹೆಚ್ಚು ಹಚ್ಚಿದರೆ ಹೆಚ್ಚು ಹೊಳಪು ಎಂದುಕೊಂಡು ದಪ್ಪಗೆ ಬಳಿದೆ, ಒರೆಸಲಿಲ್ಲ.

ಶುಕ್ರವಾರ ಒಣಗಲಿಲ್ಲ. ತಾಸಿಗೊಮ್ಮೆ ಹೋಗಿ ಮುಟ್ಟಿದೆ. ಮುಟ್ಟಿದಲ್ಲೆಲ್ಲ ಬೆರಳಚ್ಚು. ಊರಿನ ಕಲ್ಲುಗಣಿಯ ಧೂಳೂ ಬಂದು ಕೂತಿತು. ಬಿಸಿಲಿಗಿಟ್ಟೆ, ಕತ್ತು ಡೊಂಕಾದೀತೆಂದು ಹೆದರಿ ಒಳಗೆ ತಂದೆ, ಫ್ಯಾನಿನ ಕೆಳಗೆ ಹಿಡಿದು ನಿಂತೆ.

ಶನಿವಾರ ಅವ್ವ ನೋಡಿದಳು. ಮಂದಿಯ ಮನೆಯ ಫರ್ಶಿ ಕಲ್ಲಿನ ನೆಲಕ್ಕೆ ಹೊಳಪು ಬರಲೆಂದು ಎಣ್ಣೆ ತಿಕ್ಕಿ ನನ್ನನ್ನು ಓದಿಸಿದವಳು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

‘ಡಿಗ್ರಿ ಮುಗಸೀದಿ, ಒರಸೂದು ಕಲೀಲಿಲ್ಲೇನು? ಬೇಕಾದಷ್ಟು ಅದು ಕುಡೀತದ, ಉಳಿದದ್ದು ನಾವು ತೆಗೀಬೇಕು.’

‘ಅದು ಕಲ್ಲು, ಯವ್ವಾ. ಇದು ಕಟ್ಟಿಗಿ.’

‘ಹಂಗಾರ ಮುಟ್ಕೋತ ಕುಂದ್ರು.’

ಕೂರಲಾಗಲಿಲ್ಲ. ಸ್ವಲ್ಪ ಹೊತ್ತಿಗೆ ಏನು ಮಾಡಲೆಂದು ನಾನೇ ಅವ್ವನನ್ನು ಕೇಳಿದೆ. ‘ಮತ್ತೆರಡು ಹನಿ ಎಣ್ಣಿ ಹಾಕಿ ತಿಕ್ಕು, ಹಳೇ ಅಂಟು ಬಿಡ್ತದ’ ಎಂದು ತನ್ನ ಹಳೆಯ ಸೀರೆಯ ಚೂರು ಕೊಟ್ಟಳು. ಬಟ್ಟೆಗೆ ಏನೂ ಹತ್ತದಂತಾಗುವವರೆಗೆ ತಿಕ್ಕಿದೆ, ರಟ್ಟೆ ನೋಯುವಷ್ಟು.

ಭಾನುವಾರ ಅವಳ ರೈಲು ವಾಡಿ ಜಂಕ್ಷನ್ನಿನಲ್ಲಿ ನಿಂತುಬಿಟ್ಟಿತ್ತು. ಅವಳು ಬರುವವರೆಗೆ ಸೀರೆಯ ಚೂರು ಹಿಡಿದು ಬಾಗಿಲಿಗೂ ಗಿಟಾರಿಗೂ ನಾನು ಎಷ್ಟು ಸಲ ನಡೆದೆನೋ. ಬಂದವಳು ಗಿಟಾರು ಎತ್ತಿ ಕತ್ತಿನ ಮೇಲೆ ಹೆಬ್ಬೆರಳು ಆಡಿಸಿದಳು.

‘ಏನ್ ಮಾಡೀದಿ ಇದಕ್ಕ?’

ಎಲ್ಲ ಹೇಳಿದೆ. ಅವಳು ಕೂತು ನುಡಿಸಿದಳು. ಕೈ ಎಲ್ಲೂ ಸಿಕ್ಕಿಕೊಳ್ಳದೆ ಮೇಲೆ ಕೆಳಗೆ ಓಡಾಡಿತು. ಆಮೇಲೆ ಅಂಗೈ ಮೂಸಿದಳು.

‘ಅಗಸಿ ಹಿಂಡಿ ಚಟ್ನಿ ವಾಸನಿ ಬರ್ಲಿಕತ್ತದಲ್ಲೇ.’

‘ಒಯ್ತೀಯೋ ಇಲ್ಲೋ?’

‘ಒಯ್ತೀನಿ. ಜೋಡಿ ಎರಡು ರೊಟ್ಟಿನೂ ಕಟ್ಟು.’

ಅವ್ವ ನಿಜವಾಗಿಯೂ ಕಟ್ಟಿಕೊಟ್ಟಳು. ಗಿಟಾರು ಓಣಿ ದಾಟಿತು. ಸೀರೆಯ ಚೂರು ಇನ್ನೂ ನನ್ನ ಕೈಯಲ್ಲೇ ಇತ್ತು. ಎಡಗೈ ಸುಮ್ಮನಿರಲೊಲ್ಲದು. ಬಾಗಿಲ ಚೌಕಟ್ಟನ್ನು ತಿಕ್ಕತೊಡಗಿದೆ.