ಐದು ಅಂಕದ ಸಂಸಾರ

ಬಸವರಾಜೇಶ್ವರಿ ಫ್ರೆಂಚ್ ಕಲಿತದ್ದು ಫ್ರಾನ್ಸಿನ ಮೇಲಿನ ಮೋಹದಿಂದಲ್ಲ. ಕಂಪ್ಯೂಟರ್ ಕ್ಲಾಸಿನಲ್ಲಿ ಸೀಟು ಸಿಗಲಿಲ್ಲ, ಪಕ್ಕದ ಕೋಣೆಯ ಫ್ರೆಂಚ್ ಕ್ಲಾಸಿನಲ್ಲಿ ಸಿಕ್ಕಿತು, ಅಷ್ಟೇ. ಮನೆಯಲ್ಲಿ ಸುಮ್ಮನೆ ಕೂರಿಸಬೇಡಿ, ಎಲ್ಲಿಗಾದರೂ ಸೇರಿಸಿ ಎಂದು ಡಾಕ್ಟರು ಅವಳ ಗಂಡ ಚನ್ನವೀರೇಶನಿಗೆ ಹೇಳಿದ್ದರು. ಅವರ ನಾಲ್ಕು ವರ್ಷದ ಮಗಳು ಸೌಮ್ಯಶ್ರೀ ಡೆಂಗಿ ಜ್ವರದಲ್ಲಿ ತೀರಿಕೊಂಡು ಆಗ ಕೆಲವೇ ತಿಂಗಳಾಗಿತ್ತು.

ಅವರದು ಲಿಂಗಾಯತರ ಮನೆ, ಸಾವಿಗೆ ಸೂತಕವಿಲ್ಲ. ಮಗುವನ್ನು ಮಣ್ಣು ಮಾಡಿ ಬಂದ ಮರುದಿನವೇ ಅತ್ತೆ ಶಿವಗಂಗಮ್ಮ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಒಲೆ ಹಚ್ಚಿದರು. "ಶಿವನ ಪಾದ ಸೇರಿದ ಕೂಸು ಕಣಮ್ಮ. ಅತ್ತು ಅದರ ದಾರಿಗೆ ಅಡ್ಡ ಬರಬೇಡ. ಹೆಸರೂ ಎತ್ತಬೇಡ" ಎಂದರು. ಆ ಹಿರಿಯ ಜೀವದ ಹೊಟ್ಟೆಯೊಳಗೂ ಬೆಂಕಿಯೇ ಇತ್ತು, ಅದರಲ್ಲಿ ಅನುಮಾನವಿಲ್ಲ. ಸತ್ತವರಿಂದ ಮನೆ ಮೈಲಿಗೆಯಾಗುವುದಿಲ್ಲ ಎನ್ನುವುದು ದೊಡ್ಡ ವಿಚಾರವೇ. ಆದರೆ ಸೂತಕವಿರುವ ಮನೆಗಳಲ್ಲಿ ಹೆತ್ತವಳಿಗೆ ಮೂಲೆಯಲ್ಲಿ ಕೂತು ಅಳುವುದಕ್ಕೆ ನಾಲ್ಕು ದಿನವಾದರೂ ಸಿಗುತ್ತದೆ. ಇವಳಿಗೆ ಒಂದು ದಿನವೂ ಸಿಗಲಿಲ್ಲ. ಅಂದಿನಿಂದ ಆ ಮನೆಯಲ್ಲಿ ಯಾರೂ ಮಗುವಿನ ಹೆಸರು ಹೇಳಲಿಲ್ಲ.

ಫ್ರೆಂಚ್ ಕ್ಲಾಸಿನಲ್ಲಿ ಒಂದು ದಿನ ಟೀಚರು, ಎಲ್ಲರೂ ತಮ್ಮ ಮನೆಯವರ ಬಗ್ಗೆ ಹೇಳಿ ಎಂದರು. ಬಸವರಾಜೇಶ್ವರಿ ಪದಕ್ಕೆ ಪದ ಜೋಡಿಸಿಕೊಂಡು, ನನಗೊಬ್ಬಳು ಮಗಳಿದ್ದಳು, ಅವಳ ಹೆಸರು ಸೌಮ್ಯಶ್ರೀ ಎಂದಳು. ಯಾರೂ ಅಯ್ಯೋ ಪಾಪ ಅನ್ನಲಿಲ್ಲ, ಯಾರೂ ಬಾಯಿ ಮುಚ್ಚಿಸಲಿಲ್ಲ. ಟೀಚರು ಅವಳ ಉಚ್ಚಾರಣೆ ತಿದ್ದಿ, ಇನ್ನೊಮ್ಮೆ ಹೇಳಿ ಎಂದರು. ಹೇಳಿದಳು. ಮತ್ತೊಮ್ಮೆ ಎಂದರು, ಮತ್ತೊಮ್ಮೆ ಹೇಳಿದಳು. ಅವತ್ತು ವಿಜಯನಗರದ ಬಸ್ಸು ಹತ್ತಿ ಮನೆಗೆ ಬಂದು ಎಷ್ಟೋ ದಿನಗಳ ಮೇಲೆ ಹೊಟ್ಟೆ ತುಂಬ ಉಂಡಳು. ಮಗಳ ಹೆಸರು ಹೇಳುವುದಕ್ಕೆ ಭೂಮಿಯ ಮೇಲೆ ಒಂದು ಭಾಷೆ ಸಿಕ್ಕಿತ್ತು.

ಆಮೇಲೆ ಪರೀಕ್ಷೆ ಮೇಲೆ ಪರೀಕ್ಷೆ ಕಟ್ಟಿ, ಮಾರೇನಹಳ್ಳಿಯ ಒಂದು ಖಾಸಗಿ ಶಾಲೆಗೆ ಫ್ರೆಂಚ್ ಟೀಚರಾಗಿ ಸೇರಿದಳು. ಶಾಲೆಯ ಬೋರ್ಡಿಗೆ ಆಗಷ್ಟೇ 'ಇಂಟರ್‌ನ್ಯಾಷನಲ್' ಎಂಬ ಪದ ಸೇರಿಸಿದ್ದರು. ಆಟದ ಮೈದಾನ ಇರಲಿಲ್ಲ, ಮೂರನೇ ಮಹಡಿಗೆ ನೀರೂ ಸರಿಯಾಗಿ ಏರುತ್ತಿರಲಿಲ್ಲ, ಆದರೆ ಬೋರ್ಡು ಮಾತ್ರ ಮೈನ್ ರೋಡಿಗೇ ಕಾಣುತ್ತಿತ್ತು. ಮೊದಲ ವರ್ಷ ಅವಳು ಮಕ್ಕಳನ್ನು ಮಾತಿಗೇ ಹಚ್ಚಿದಳು. ಬೆಳಿಗ್ಗೆ ಏನು ತಿಂದೆ, ದಾರಿಯಲ್ಲಿ ಏನು ನೋಡಿದೆ ಎಂದು ಕೇಳುವಳು. ಅಕ್ಕಿ ರೊಟ್ಟಿಗೆ ಫ್ರೆಂಚಿನಲ್ಲಿ ಏನಂತಾರೆ ಮಿಸ್ ಎಂದು ಕ್ಲಾಸೆಲ್ಲ ಗದ್ದಲ. ಅವಳಿಗೆ ಅದೇ ಸುಖವಾಗಿತ್ತು.

ಫಲಿತಾಂಶ ಬಂದಾಗ ಅಂಕಗಳು ಎಂಬತ್ತರ ಆಸುಪಾಸಿನಲ್ಲೇ ನಿಂತವು. ಅಪ್ಪ ಅಮ್ಮಂದಿರು ಮುಗಿಬಿದ್ದರು. "ನಮ್ ಹುಡುಗ ಫ್ರೆಂಚ್ ತಗೊಂಡಿರೋದು ಮಾತಾಡಕ್ಕಲ್ಲ ಮೇಡಂ, ನೂರಕ್ಕೆ ನೂರು ತೆಗೆಯಕ್ಕೆ. ಮಾತಾಡಿ ಅವನೇನು ಫ್ರಾನ್ಸಲ್ಲಿ ಮಂಡಿ ಇಡ್ತಾನಾ?" ಎಂದರು ಒಬ್ಬರು. ಪ್ರಿನ್ಸಿಪಾಲ್ ರಾಜೇಂದ್ರ ಅವಳನ್ನು ಕೋಣೆಗೆ ಕರೆಸಿ, "ಮೇಡಂ, ಕ್ವೆಶ್ಚನ್ ಬ್ಯಾಂಕ್ ಮಾಡ್ಸಿ. ಉತ್ತರ ಬಾಯಿಪಾಠ ಆಗ್ಲಿ. ಬೇರೇದೆಲ್ಲಾ ಬೇಡ" ಎಂದರು. ಕೆಲಸ ಬಿಟ್ಟು ಮತ್ತೆ ಆ ಮಾತಿಲ್ಲದ ಮನೆಯಲ್ಲಿ ಕೂರುವ ಧೈರ್ಯ ಅವಳಿಗಿರಲಿಲ್ಲ. ಹೂಂ ಎಂದಳು.

ಅಲ್ಲಿಂದ ಮುಂದೆ ಅವಳ ಪಾಠವೆಂದರೆ ಒಪ್ಪಿಸುವುದು. ನಿಮ್ಮ ಕುಟುಂಬದ ಬಗ್ಗೆ ಬರೆಯಿರಿ ಎಂಬ ಪ್ರಶ್ನೆಗೆ ಐದು ಅಂಕ. ಅದಕ್ಕೆ ಎಲ್ಲರಿಗೂ ಒಂದೇ ಉತ್ತರ. ನನ್ನದು ಚಿಕ್ಕ ಕುಟುಂಬ. ನನ್ನ ತಂದೆ ಇಂಜಿನಿಯರ್. ತಾಯಿ ಗೃಹಿಣಿ. ನನಗೊಬ್ಬ ತಮ್ಮನಿದ್ದಾನೆ. ನಮ್ಮಲ್ಲೊಂದು ಬಿಳಿ ನಾಯಿ ಇದೆ. ನಾವೆಲ್ಲ ಸುಖವಾಗಿದ್ದೇವೆ. ಆಟೋ ಓಡಿಸುವವರ ಮಗನೂ ಇದನ್ನೇ ಬರೆದ, ಬಟ್ಟೆ ಅಂಗಡಿಯವರ ಮಗಳೂ ಇದನ್ನೇ ಬರೆದಳು. ತಂದೆಯೇ ಇಲ್ಲದ ಹುಡುಗಿಯೊಬ್ಬಳು ಇದನ್ನೇ ಬರೆದು ಐದಕ್ಕೆ ಐದು ತೆಗೆದಳು. ಉತ್ತರಪತ್ರಿಕೆ ನಂಬಿದರೆ ವಿಜಯನಗರದಲ್ಲಿ ನಡೆದಾಡಲು ಜಾಗವಿಲ್ಲದಷ್ಟು ಬಿಳಿ ನಾಯಿಗಳಿರಬೇಕಿತ್ತು. ವರ್ಷಕ್ಕೆ ನೂರಾರು ಸಲ ಅವಳೇ ಹೇಳಿಕೊಟ್ಟು, ಹೇಳಿಸಿ, ತಿದ್ದಿದಳು. ಹೀಗೇ ತಲೆ ನರೆಯಿತು. ಅತ್ತೆ ಹೋದರು. ನೂರಕ್ಕೆ ನೂರು ತೆಗೆದವರ ಫೋಟೋಗಳು ಪ್ರತಿ ವರ್ಷ ಬ್ಯಾನರಿನಲ್ಲಿ ಬಂದವು. ಅವರಲ್ಲಿ ಒಬ್ಬರಿಗೂ ಒಂದು ಲೋಟ ನೀರು ಕೊಡಿ ಎಂದು ಫ್ರೆಂಚಿನಲ್ಲಿ ಕೇಳಲು ಬರುತ್ತಿರಲಿಲ್ಲ.

ಈ ವರ್ಷ ಫ್ರಾನ್ಸಿನ ಒಂದು ಶಾಲೆಯವರು ಇಲ್ಲಿನ ಶಾಲೆಯೊಂದರ ಜೊತೆ ನಂಟು ಬೆಳೆಸಬೇಕೆಂದು ಹೊರಟರು. ಎಲೆನ್ ಎಂಬ ಟೀಚರು ಬಂದು ನೋಡುತ್ತಾರೆ ಎಂದು ಗೊತ್ತಾದಾಗ ರಾಜೇಂದ್ರ ಅವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬಸವರಾಜೇಶ್ವರಿ ಬೇರೆ ಕಾರಣಕ್ಕೆ ದಿನ ಎಣಿಸತೊಡಗಿದಳು. ಫ್ರೆಂಚನ್ನೇ ಮಾತಾಡಿ ಬೆಳೆದ ಒಬ್ಬ ಹೆಂಗಸು ಎದುರಿಗೆ ಬಂದು ನಿಲ್ಲುತ್ತಾಳೆ. ಹೆಂಗಸರು ಸೇರಿದರೆ ಮಕ್ಕಳೆಷ್ಟು ಎಂಬ ಮಾತು ಬಂದೇ ಬರುತ್ತದೆ. ಆಗ ಸೌಮ್ಯಳ ಹೆಸರು ಹೇಳಬೇಕು, ಅವಳು ಅಪ್ಪನ ಚಪ್ಪಲಿ ಹಾಕಿಕೊಂಡು ಮನೆಯೆಲ್ಲ ಓಡಾಡುತ್ತಿದ್ದುದನ್ನು ಹೇಳಬೇಕು. ಇಷ್ಟೇ ಅವಳ ಆಸೆ. ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತ, ಹೆಸರನ್ನು ಮಾತ್ರ ಮನಸ್ಸಿನಲ್ಲೇ ಇಟ್ಟುಕೊಂಡು, ಆ ಮಾತುಗಳನ್ನು ಫ್ರೆಂಚಿನಲ್ಲಿ ಮತ್ತೆ ಮತ್ತೆ ಹೇಳಿಕೊಂಡಳು. ಸ್ಟೇಷನರಿ ಅಂಗಡಿ ಮುಚ್ಚಿ ಊಟಕ್ಕೆ ಬಂದ ಚನ್ನವೀರೇಶ, "ಕುಕ್ಕರಿಗೂ ಫ್ರೆಂಚ್ ಕಲಿಸ್ತಾ ಇದೀಯೇನೇ?" ಎಂದು ತಮಾಷೆ ಮಾಡಿದ. ಏನು ಹೇಳಿಕೊಳ್ಳುತ್ತಿದ್ದಾಳೆಂದು ಅವನಿಗೆ ತಿಳಿಯಲಿಲ್ಲ.

ಎಲೆನ್ ಬಂದರು. ಹತ್ತನೇ ತರಗತಿಯ ಮಕ್ಕಳು ಎದ್ದು ನಿಂತು ಕಲಿತದ್ದನ್ನೆಲ್ಲ ಒಪ್ಪಿಸಿದರು. ಆಕೆ ನಗುನಗುತ್ತ ಕೇಳಿಸಿಕೊಂಡು, ಬಸವರಾಜೇಶ್ವರಿಯ ಕಡೆ ತಿರುಗಿ ಫ್ರೆಂಚಿನಲ್ಲಿ ಕೇಳಿದರು: ನಿಮ್ಮ ಮನೆಯಲ್ಲಿ ಯಾರು ಯಾರಿದ್ದಾರೆ? ನಿಮಗೆ ಮಕ್ಕಳಿದ್ದಾರೆಯೇ?

ಪ್ರಶ್ನೆ ಅವಳಿಗೆ ಒಂದು ಪದವೂ ಬಿಡದೆ ಅರ್ಥವಾಯಿತು. ಕಾದು ಕೂತಿದ್ದ ಪ್ರಶ್ನೆ ಅದು. ಬಾಯಿ ತೆರೆದಳು. ನನ್ನದು ಚಿಕ್ಕ ಕುಟುಂಬ ಎಂದಿತು ನಾಲಗೆ. ಅವಳಿಗೇ ದಿಗಿಲಾಯಿತು. ನಿಲ್ಲಿಸಬೇಕೆಂದರೂ ನಿಲ್ಲಲಿಲ್ಲ. ನನ್ನ ತಂದೆ ಇಂಜಿನಿಯರ್. ಅಷ್ಟು ಹೊತ್ತಿಗೆ ಮಕ್ಕಳಿಗೆ ಅದು ಐದು ಅಂಕದ ಉತ್ತರವೆಂದು ಗುರುತು ಸಿಕ್ಕಿತು. ಮೇಡಂ ಶುರು ಮಾಡಿಕೊಟ್ಟರೆ ಮುಂದಿನದನ್ನು ಎಲ್ಲರೂ ಹೇಳುವುದು ಆ ಕ್ಲಾಸಿನ ರೂಢಿ. ತಾಯಿ ಗೃಹಿಣಿ, ನನಗೊಬ್ಬ ತಮ್ಮ, ಬಿಳಿ ನಾಯಿ ಎಂದು ಇಡೀ ತರಗತಿ ಒಂದೇ ದನಿಯಲ್ಲಿ ಹೇಳಿ ಮುಗಿಸಿತು. ನಾವೆಲ್ಲ ಸುಖವಾಗಿದ್ದೇವೆ. ರಾಜೇಂದ್ರ ಚಪ್ಪಾಳೆ ತಟ್ಟಿದರು.

ಎಲೆನ್ ತಬ್ಬಿಬ್ಬಾದರು. ಒಳ್ಳೆಯ ಹೆಂಗಸು, ನಗಲಿಲ್ಲ. ಹತ್ತಿರ ಬಂದು ಮೆಲ್ಲಗೆ, ಹಾಗಾದರೆ ನಿಮಗೆ ಮಕ್ಕಳಿಲ್ಲ, ಅಲ್ಲವೇ ಎಂದು ಕೇಳಿದರು.

"ನೋಂ" ಎಂದಳು ಬಸವರಾಜೇಶ್ವರಿ. ಇಲ್ಲ.

ಎಲೆನ್ ತಲೆಯಾಡಿಸಿ ಮಕ್ಕಳ ಕಡೆಗೆ ತಿರುಗಿದರು. ಆಮೇಲೆ ಕಾಫಿ, ಹಾರ, ಫೋಟೋ ಎಲ್ಲವೂ ನಡೆದವು, ಮಾತೆಲ್ಲ ಇಂಗ್ಲಿಷಿನಲ್ಲಿ. ಸಾಯಂಕಾಲ ಅವಳು ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಕುರ್ಚಿಯ ಮೇಲೆ ಕುಸಿದಳು. ಚನ್ನವೀರೇಶ ಟೀವಿ ನೋಡುತ್ತಿದ್ದ.

"ಏನಾಯ್ತೇ? ಮಾತಾಡಿದ್ಯಾ ಅವ್ರ ಹತ್ರ?"

"ಮಕ್ಕಳಿದಾರಾ ಅಂತ ಕೇಳಿದ್ರು ರೀ. ಇಲ್ಲ ಅಂದ್ಬಿಟ್ಟೆ. ನನ್ನ ಬಾಯಿಂದಾನೇ ಬಂತು. ಸೌಮ್ಯ ಹುಟ್ಟೇ ಇರ್ಲಿಲ್ಲ ಅನ್ನೋ ಹಾಗೆ ಅಂದ್ಬಿಟ್ಟೆ ರೀ."

ಆ ಹೆಸರು ಆ ಮನೆಯಲ್ಲಿ ಇಷ್ಟು ವರ್ಷಗಳ ಮೇಲೆ ಕೇಳಿಸಿತು. ಚನ್ನವೀರೇಶ ಟೀವಿ ಆರಿಸಿದ.

"ಅಂಗಡಿಗೆ ಬರೋರೆಲ್ಲಾ ಕೇಳ್ತಾರೆ ಕಣೇ, ಸಾರ್ ಎಷ್ಟು ಜನ ಮಕ್ಕಳು ನಿಮ್ಗೆ ಅಂತ" ಎಂದ. "ಅವಳು ಹೋದಾಗಿಂದ ನಾನೂ ಇಲ್ಲ ಅಂತಲೇ ಹೇಳ್ಕೊಂಡು ಬಂದಿದೀನಿ. ಕನ್ನಡದಲ್ಲೇ."

ಅವತ್ತು ಇಬ್ಬರೂ ಮಗಳಿಗಾಗಿ ಒಟ್ಟಿಗೆ ಕೂತು ಅತ್ತರು.