ದಫೇದಾರರು ಚೆಲ್ಲಿದ ಶಾಯಿ

ಮೊನ್ನೆ ಅಂಚೆ ಕಚೇರಿಯಲ್ಲಿ ಗುಮಾಸ್ತರು ಸ್ಟಾಂಪ್ ಪ್ಯಾಡಿಗೆ ನೇರಳೆ ಶಾಯಿ ಸುರಿದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನಮ್ಮ ಠಾಣೆಯ ಹೆಡ್ ಕಾನ್‌ಸ್ಟೆಬಲ್ ನೆನಪಾದರು. ಎಲ್ಲರ ಬಾಯಲ್ಲೂ ಅವರು ದಫೇದಾರರು...

ಆಗ ನಾನು ಕೂಡ್ಲಿಗಿ ಕಡೆಯ ಠಾಣೆಯೊಂದರಲ್ಲಿ ಪಿಎಸ್‌ಐ. ನೌಕರಿಯ ಜೊತೆಗೇ ಪಿಎಚ್‌ಡಿ ಮಾಡುವ ಹುಚ್ಚು. ಹಳ್ಳಿಯವರು ದೂರು ಕೊಡಲು ಯಾಕೆ ಹೆದರುತ್ತಾರೆ ಎಂಬುದೇ ವಿಷಯ. ರಜೆ ಸಿಕ್ಕಾಗ ದಫೇದಾರರು ತಮ್ಮ ಬೈಕಿನಲ್ಲಿ ನನ್ನನ್ನು ಕುರಿಹಟ್ಟಿಗಳಿಗೆ ಕರೆದೊಯ್ಯುತ್ತಿದ್ದರು. ಹೆಸರು ಎಲ್ಲೂ ಬರುವುದಿಲ್ಲ ಎಂದು ನಾನು ಮಾತು ಕೊಟ್ಟ ಮೇಲೆಯೇ ಜನ ಬಾಯಿ ಬಿಡುತ್ತಿದ್ದರು.

ಆದರೆ ಕೈ ಕೇಳಬೇಕಲ್ಲ! ಠಾಣೆಯಲ್ಲಿ ಹೇಳಿಕೆ ಬರೆದು ಬರೆದು ಪಳಗಿದ ಕೈ, ನನ್ನ ನೋಟ್‌ಬುಕ್ಕಿನ ಪ್ರತಿ ಪುಟದ ತಲೆಯಲ್ಲೂ ಹೆಸರು, ಗಂಡನ ಹೆಸರು, ವಯಸ್ಸು, ಕಸುಬು, ಊರು ಎಂದು ತಾನಾಗಿ ಗೀಚಿಬಿಟ್ಟಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಖಾಕಿಯ ಗುಣವೂ ಅಷ್ಟೇ.

ಕುರಿ ಕಾಯುವ ಹೆಂಗಸೊಬ್ಬಳು, ತನ್ನ ಕುರಿ ಕದ್ದವನು ನಮ್ಮ ಇನ್‌ಸ್ಪೆಕ್ಟರ್ ಸಾಹೇಬರ ಸಂಬಂಧಿ, ಅದಕ್ಕೇ ಠಾಣೆಯಲ್ಲಿ ದೂರು ತೆಗೆದುಕೊಳ್ಳಲಿಲ್ಲ ಎಂದು ನನ್ನ ಮುಂದೆ ಹೇಳಿದ್ದಳು. ಅದು ಹೇಗೋ ಸಾಹೇಬರ ಕಿವಿಗೆ ಬಿತ್ತು. ಒಂದು ಮಧ್ಯಾಹ್ನ ನನ್ನನ್ನು ಎದುರು ನಿಲ್ಲಿಸಿಕೊಂಡು, "ಯಾವೂರಾಕಿ ಆಕಿ?" ಎಂದರು. "ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ ಸರ್" ಎಂದೆ. ಸಾಹೇಬರು ದಫೇದಾರರನ್ನು ಕೂಗಿ, "ಮೇಡಂ ಮೇಜಿನ ಮ್ಯಾಲೆ ನೋಟ್‌ಬುಕ್ ಐತಿ, ತಗೊಂಬಾ" ಎಂದರು.

ಪುಟ ತೆರೆದರೆ ಸಾಕು, ಅವಳ ಊರು, ಮನೆ ಎಲ್ಲ ಸಿಗುತ್ತಿತ್ತು. ಆಮೇಲೆ ಅವಳ ಗತಿ?... ದಫೇದಾರರು ಬರುವುದು ತಡವಾಯಿತು. ಬಂದಾಗ ನೋಟ್‌ಬುಕ್ಕಿನಿಂದ ನೇರಳೆ ಶಾಯಿ ತೊಟ್ಟಿಕ್ಕುತ್ತಿತ್ತು.

"ಪ್ಯಾಡಿಗೆ ಶಾಯಿ ಹಾಕಾಕ ಹತ್ತಿದ್ನಿರಿ. ಬಾಟ್ಲಿ ಕೈ ಜಾರ್ತು."

ಸಾಹೇಬರು ಪುಟಗಳನ್ನು ತಿರುವಿದರು. ಒಂದಕ್ಷರವೂ ಉಳಿದಿರಲಿಲ್ಲ. ದಫೇದಾರರ ಹತ್ತೂ ಬೆರಳು ನೇರಳೆಯಾಗಿದ್ದವು, ಪುಟಪುಟಕ್ಕೂ ಉಜ್ಜಿದ್ದರು. ಸಾಹೇಬರು ಆ ಬೆರಳುಗಳನ್ನೇ ಬಹಳ ಹೊತ್ತು ನೋಡಿದರು.

ಹೊರಗೆ ಬಂದ ಮೇಲೆ ದಫೇದಾರರು ಮೆಲ್ಲಗೆ ಅಂದರು, "ನಿಮ್ಮ ಓದು ಹೋತು ಮೇಡಂ. ಆಕಿ ಉಳದ್ಲು."

ಎರಡು ವರ್ಷದ ದುಡಿಮೆ! ನನಗೆ ಮೊದಲು ಬಂದದ್ದು ಸಿಟ್ಟು. ತಪ್ಪು ನನ್ನದೇ ಎಂದು ಗೊತ್ತಿದ್ದೂ ಸಿಟ್ಟು. ವಾರದೊಳಗೆ ಅವರನ್ನು ಹಡಗಲಿ ಕಡೆಗೆ ಎತ್ತಂಗಡಿ ಮಾಡಿದರು. ಹೊರಡುವ ದಿನ ನನ್ನ ಮೇಜಿನ ಮುಂದೆ ನಿಂತು ಕೈಮುಗಿದರು. ನಾನು ಫೈಲಿನಿಂದ ತಲೆ ಎತ್ತಲಿಲ್ಲ...

ಮತ್ತೆ ಮೊದಲಿನಿಂದ, ಹೆಸರಿನ ಜಾಗದಲ್ಲಿ ಬರೀ ಸಂಖ್ಯೆ ಹಾಕಿ ಬರೆದೆ. ಈ ವರ್ಷ ಪಿಎಚ್‌ಡಿ ಬಂತು. ಅಂಚೆ ಕಚೇರಿಗೆ ಹೋದ ಮರುದಿನವೇ ಪ್ರಬಂಧದ ಒಂದು ಪ್ರತಿ ಹಿಡಿದು ಕೊಟ್ಟೂರಿನ ಅವರ ಮನೆಗೆ ಹೋದೆ. ಬಾಗಿಲು ತೆರೆದ ಅವರ ಹೆಂಡತಿ, ಯಾರೆಂದು ತಿಳಿದ ಮೇಲೆ ಗೋಡೆಯತ್ತ ನೋಡಿದರು. ಅಲ್ಲಿ ಹಾರ ಹಾಕಿದ ಫೋಟೊ ಇತ್ತು.

"ಮೇಡಂ ಓದು ಮುಗೀತೋ ಇಲ್ಲೋ ಅಂತ ಕಡೀತನಕ ಕೇಳ್ತಿದ್ರು ರಿ" ಎಂದರು ಆಕೆ.

ಪುಸ್ತಕವನ್ನು ಫೋಟೊದ ಕೆಳಗಿಟ್ಟೆ. ತಪ್ಪಾಯಿತು ಎನ್ನಲು ಹೋಗಿದ್ದೆ.

"ಮುಗೀತು ದಫೇದಾರ್ರ" ಎಂದೆ.